ಅಧಿಕೃತ ದುರ್ಬಲ

ಸರ್ಕಾರಿ ಕೆಲಸಕ್ಕೆ ಸೇರುವಾಗ ಎಲ್ಲರೂ ತಾವು ಏನು ಓದಿದ್ದೇವೆ ಎಂದು ತೋರಿಸುತ್ತಾರೆ. ನಾನು ತೋರಿಸಿದ್ದು ನನ್ನ ಹೆಂಡತಿಯನ್ನು. ಹಾನಿಕರ ವಸ್ತುಗಳ ಇಲಾಖೆಯವರು ಸಂದರ್ಶನಕ್ಕೆ ಕರೆದಾಗ, ನನ್ನನ್ನು ಹತ್ತಿರದಿಂದ ಬಲ್ಲವರೊಬ್ಬರು ಜೊತೆಗಿರಬೇಕು ಎಂದು ಷರತ್ತು ಹಾಕಿದ್ದರು. ಮೇಜಿನಾಚೆ ಕೂತಿದ್ದ ನಿರ್ದೇಶಕರು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅವಳ ಕಡೆ ತಿರುಗಿ, ನಿಮ್ಮ ಯಜಮಾನರು ಸಿಗರೇಟು ಬಿಡುವ ಸಾಧ್ಯತೆ ಏನಾದರೂ ಉಂಟೇ ಎಂದು ಕೇಳಿದರು.

"ಬಿಡ್ತಾರೆ ಸಾರ್. ಪ್ರತಿ ಸೋಮವಾರ ಬಿಡ್ತಾರೆ," ಎಂದಳು ನನ್ನ ಹೆಂಡತಿ.

ನಿರ್ದೇಶಕರ ಮುಖ ಊರಗಲವಾಯಿತು. ಕೆಲಸ ಅಲ್ಲೇ ಖಾಯಂ ಆಯಿತು. ಹುದ್ದೆಯ ಹೆಸರು 'ಅಧಿಕೃತ ದುರ್ಬಲ'. ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯ ಮೇಲೆ ನನ್ನ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ಅದೇ ಮಾತು. ನಮ್ಮ ಮನೆಯಲ್ಲಿ ಇದನ್ನು ಹೇಳಲು ಚೀಟಿಯ ಅಗತ್ಯ ಯಾರಿಗೂ ಇರಲಿಲ್ಲ, ಆದರೂ ಸರ್ಕಾರದ ಮೊಹರು ಬಿದ್ದ ಮೇಲೆ ಮಾತಿಗೆ ಒಂದು ತೂಕ ಬರುತ್ತದೆ.

ಇಂಥ ಹುದ್ದೆ ಯಾಕೆ ಬೇಕಾಯಿತು ಎಂದು ಹೇಳದಿದ್ದರೆ ನೀವು ನನ್ನ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕೆಟ್ಟದ್ದು ನನ್ನದಲ್ಲ. ತಂಬಾಕಿನ ಮೇಲೆ ತೆರಿಗೆ ಹಾಕುವುದು, ಬೇಕಾದರೆ ಪೂರಾ ನಿಷೇಧಿಸುವುದು ಎಂದು ಸರ್ಕಾರ ಒಂದು ಕಾನೂನು ತಂದಿತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ತಣ್ಣಗಿರುತ್ತಿದ್ದರು. ಯಾರೋ ಪುಣ್ಯಾತ್ಮ 'ತಂಬಾಕು ಮತ್ತು ಇತರ ಹಾನಿಕರ ವಸ್ತುಗಳು' ಎಂದು ಬರೆದುಬಿಟ್ಟಿದ್ದ. ಆ ಇತರ ಯಾವುವು ಎಂದು ತೀರ್ಮಾನಿಸಲು ವೈದ್ಯರ ಸಮಿತಿ ಕೂತಿತು. ಒಬ್ಬರು ಸಕ್ಕರೆ ಎಂದರು, ಇನ್ನೊಬ್ಬರು ಉಪ್ಪು ಎಂದರು, ಮೂಳೆ ವೈದ್ಯರೊಬ್ಬರು ಕುರ್ಚಿ ಎಂದರು. ಜಗಳ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರ ಕಣ್ಣಿಗೆ ಒಂದು ವಿಷಯ ಬಿತ್ತು. ಬೈದಾಡಿಕೊಳ್ಳುತ್ತಿದ್ದ ವೈದ್ಯರೆಲ್ಲರ ಕೈಯೂ ಮಧ್ಯದಲ್ಲಿದ್ದ ಹುರಿದ ಕಡಲೆಕಾಯಿಯ ತಟ್ಟೆಗೆ ಯಾರೂ ಹೇಳದೆ ಹೋಗಿ ಬರುತ್ತಿತ್ತು.

ನಿಯಮ ಹುಟ್ಟಿದ್ದು ಅಲ್ಲಿ. ಒಂದು ವಸ್ತುವಿಗೆ ಮನುಷ್ಯ ಒಮ್ಮೆ ಕೈ ಹಾಕಿದರೆ ಅದು ಆಹಾರ. ಯಾರೂ ಹೇಳದೆ ಎರಡನೇ ಸಲ ಹಾಕಿದರೆ ಹಾನಿಕರ, ತೆರಿಗೆ. ಮೂರನೇ ಸಲವೂ ಹೋದರೆ ನಿಷೇಧ. ಇಷ್ಟು ಸುಲಭದ ಅಳತೆಗೋಲನ್ನು ಕಂಡು ಸಚಿವರೇ ಚಪ್ಪಾಳೆ ಹೊಡೆದರಂತೆ. ಉಳಿದ ಪ್ರಶ್ನೆ ಒಂದೇ, ಕೈ ಯಾರದ್ದು ಎಂಬುದು. ಗಟ್ಟಿ ಮನಸ್ಸಿನವನ ಕೈಯಿಂದ ಪ್ರಯೋಜನವಿಲ್ಲ, ಮುಳ್ಳು ಅಲ್ಲಾಡದ ತಕ್ಕಡಿಯ ಹಾಗೆ. ಹಾಗಾಗಿ ಖಾತ್ರಿಯಾದ ದುರ್ಬಲರನ್ನು ಹುಡುಕಿ ತಂದರು. ಮೊದಲು ನಾವು ಇಬ್ಬರಿದ್ದೆವು. ಇನ್ನೊಬ್ಬನಿಗೆ ಯಾವುದೋ ಉಸಿರಾಟದ ಶಿಬಿರಕ್ಕೆ ಹೋಗಿ ಚಟ ಬಿಟ್ಟುಹೋಯಿತು. ಶಿಸ್ತು ಕ್ರಮ ಕೈಗೊಂಡು ಅವನನ್ನು ಮನೆಗೆ ಕಳಿಸಿದರು.

ಪರೀಕ್ಷೆಯ ಕೋಣೆ ಹಿಂದೆ ಮುರಿದ ಕುರ್ಚಿಗಳನ್ನು ತುಂಬಿಡುವ ಕೋಣೆಯಾಗಿತ್ತು. ಅವುಗಳಲ್ಲಿ ಸ್ವಲ್ಪ ಕಡಿಮೆ ಮುರಿದದ್ದನ್ನು ನನಗೆಂದು ಉಳಿಸಿದ್ದರು. ಒಂದು ಮೇಜು, ಒಂದು ಬಿಳಿ ತಟ್ಟೆ, ಎದುರುಗೋಡೆಯ ಮೇಲೆ ತೇವದ ಗುರುತು. ಪಕ್ಕದ ಗೋಡೆಯಲ್ಲಿ ತೆರೆಯಲಾಗದ ಗಾಜಿನ ಕಿಟಕಿ, ಅದರ ಹಿಂದೆ ನನ್ನ ಕೈಯನ್ನು ಗಮನಿಸಲೆಂದೇ ನೇಮಕವಾದ ಹೆಂಗಸು. ನಾವೆಲ್ಲ ಅವರನ್ನು ಕಿಟಕಿಯಮ್ಮ ಎನ್ನುತ್ತಿದ್ದೆವು. ಆಕೆ ಉಲ್ಲನ್ ಹೆಣೆಯುತ್ತ, ಹೆಣಿಗೆಯನ್ನು ಒಮ್ಮೆಯೂ ನೋಡದೆ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಹೆಂಡತಿ ಕೂಡ ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ.

ಮೊದಲು ಪರೀಕ್ಷೆಗೆ ಬಂದದ್ದು ತಂಬಾಕೇ. ಒಂದು ಪ್ಯಾಕೆಟ್ಟು, ಒಂದು ಬೆಂಕಿಪೊಟ್ಟಣ ಇಟ್ಟು ಬಾಗಿಲು ಹಾಕಿದರು. ತೆಗೆಯುವಷ್ಟರಲ್ಲಿ ಪ್ಯಾಕೆಟ್ಟು ಖಾಲಿ, ಕಿಟಕಿಯಮ್ಮನಿಗೆ ಹೊಗೆಯಲ್ಲಿ ನಾನೇ ಕಾಣುತ್ತಿರಲಿಲ್ಲ. ನಿಯಮದ ಪ್ರಕಾರ ಅಂದೇ ನಿಷೇಧವಾಗಬೇಕಿತ್ತು. ಆದರೆ ನಮ್ಮ ಇಲಾಖೆಯ ಸಂಬಳವೆಲ್ಲ ಬರುವುದು ತಂಬಾಕಿನ ತೆರಿಗೆಯಿಂದಲೇ ಎಂದು ಯಾರೋ ನೆನಪಿಸಿದರು. ತಂಬಾಕು ನಿಂತುಹೋದರೆ ಮುಂದೆ ದುರ್ಬಲರು ಎಲ್ಲಿಂದ ಸಿಗುತ್ತಾರೆ ಎಂದು ಇನ್ನೊಬ್ಬರು ಕೇಳಿದರು. 'ತಂಬಾಕು ನಿಷೇಧ ಪರಿಶೀಲನೆಯಲ್ಲಿದೆ' ಎಂದು ಬಾಗಿಲಲ್ಲಿ ಒಂದು ಹಲಗೆ ತಗುಲಿಹಾಕಿದರು. ನನಗೆ ತಿಂಗಳು ತಿಂಗಳು ದೌರ್ಬಲ್ಯ ಭತ್ಯೆ ಎಂದು ಸಿಗರೇಟು ಕೊಡಲು ಶುರು ಮಾಡಿದರು. ನಾನು ಕೆಮ್ಮಿದರೆ ನಿರ್ದೇಶಕರಿಗೆ ಜೀವ ಹೋದ ಹಾಗೆ. ಕೆಮ್ಮಿಗೆ ಹೆದರಿ ಎಲ್ಲಿ ಬಿಟ್ಟುಬಿಡುತ್ತೇನೋ ಎಂದು.

ಆಮೇಲೆ ಊರಿನ ಸರದಿ. ಹಾನಿಕರವೆಂದು ಕಂಡ ಸರಕಿನ ಅಂಗಡಿಗೆ ಕೆಂಪು ರಟ್ಟಿನ ಹಲಗೆ, ನಿರಪಾಯದ್ದಕ್ಕೆ ಹಸಿರು. ಕೆಂಪು ಬಿತ್ತೆಂದರೆ ತೆರಿಗೆ ಸೇರಿ ಬೆಲೆ ಸರಿಯಾಗಿ ದುಪ್ಪಟ್ಟು. ನಾನು ಬೀದಿಯಲ್ಲಿ ನಡೆದರೆ ಅಂಗಡಿಯವರು ಗಾಜಿನ ಕಪಾಟಿಗೆ ಬಟ್ಟೆ ಮುಚ್ಚುತ್ತಿದ್ದರು. ಹೋಟೆಲಿನಲ್ಲಿ ನನಗೆಂದೇ ಹಳಸಿದ್ದು, ಸೀದದ್ದು ತಂದಿಡುತ್ತಿದ್ದರು. ತಾಯಂದಿರು ಮಕ್ಕಳಿಗೆ ನನ್ನನ್ನು ತೋರಿಸಿ, ನಗುತ್ತಾ ತಿನ್ನಬೇಡ, ಅವರು ನೋಡುತ್ತಿದ್ದಾರೆ ಎಂದು ಹೆದರಿಸುತ್ತಿದ್ದರು. ನನ್ನ ಅಕ್ಕನ ಬೇಕರಿಯ ಎದುರಿಗೆ ಬನ್ನು ಮಾರುವವನಂತೂ ನಾನು ಅವನ ಬನ್ನಿಗೆ ಎರಡನೇ ಸಲ ಕೈ ಹಾಕಿದೆನೆಂದು ತಿಳಿದು, ನಡುಬೀದಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತು ಅತ್ತ.

ಅದಾದ ಮೇಲೆ ಬಂದದ್ದು ಅಕ್ಕನ ಬೆಣ್ಣೆ ಬಿಸ್ಕತ್ತು.

ಅಕ್ಕ ನನಗಿಂತ ತುಂಬ ದೊಡ್ಡವಳು. ಅಮ್ಮ ಆಸ್ಪತ್ರೆಯಲ್ಲಿ ದಾದಿ, ಯಾವಾಗಲೂ ಪಾಳಿಯ ಮೇಲಿರುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ಕಿವಿ ಹಿಂಡಿ ಶಾಲೆಗೆ ಅಟ್ಟಿದವಳು ಅಕ್ಕನೇ. ಚಿಕ್ಕ ವಯಸ್ಸಿಗೇ ಒಂದು ಬೇಕರಿಗೆ ಕೆಲಸಕ್ಕೆ ಸೇರಿ, ಕಡೆಗೆ ಅಲ್ಲಿನ ಮುದುಕ ಯಜಮಾನರಿಂದ ಒಲೆಯ ಸಮೇತ ಅಂಗಡಿಯನ್ನೇ ಕೊಂಡಳು. ಆ ಒಲೆಗೆ ಒಂದು ವಕ್ರಬುದ್ಧಿ. ಎಡಗಡೆ ಶಾಖ ಜಾಸ್ತಿ. ಪ್ರತಿ ತಟ್ಟೆಯಲ್ಲೂ ಎಡಗಡೆಯ ಸಾಲಿನ ಬಿಸ್ಕತ್ತುಗಳ ಅಂಚು ಕಂದಾಗಿ, ಬೆಣ್ಣೆ ಅಲ್ಲೇ ಸ್ವಲ್ಪ ಸೀದು, ಬಾಯಿಗಿಟ್ಟರೆ ಅಂಚು ಕಟುಂ ಎಂದು ಮುರಿದು ನಡುವೆ ಕರಗಿಹೋಗುತ್ತಿತ್ತು. ಗಿರಾಕಿಗಳಿಗೆ ಅವುಗಳನ್ನು ಮಾರುತ್ತಿರಲಿಲ್ಲ. ನೀಲಿ ಮುಚ್ಚಳದ ಡಬ್ಬಿಯಲ್ಲಿ ನನಗೆಂದು ತೆಗೆದಿಡುತ್ತಿದ್ದಳು. ನಾನು ಸಂಜೆ ಅಂಗಡಿಗೆ ಹೋದರೆ ಚಹಾ, ತಟ್ಟೆಗೆ ಬಿಸ್ಕತ್ತು. ಅದು ಮುಗಿಯುವ ಮೊದಲೇ "ಇನ್ನೊಂದು?" ಎನ್ನುವಳು. ಉತ್ತರಕ್ಕೆ ಯಾವತ್ತೂ ಕಾಯಲಿಲ್ಲ. ಕೇಳುವುದೂ ಹಾಕುವುದೂ ಒಟ್ಟಿಗೇ ಆಗುತ್ತಿತ್ತು. ನನಗೆ ಮದುವೆಯಾಗಿ ತಲೆಯ ಮುಂಭಾಗ ಬೋಳಾದ ಮೇಲೂ ಅದು ತಪ್ಪಲಿಲ್ಲ.

ಪರೀಕ್ಷೆಗೆ ಮುಂಚೆ ಅಕ್ಕ ನಮ್ಮ ಮನೆಗೆ ಬಂದಳು. ಹೆಗಲ ಚೀಲವನ್ನೂ ಇಳಿಸದೆ ಅಡುಗೆಮನೆಯ ಮಣೆಯ ಮೇಲೆ ಕೂತಳು. ಅವಳ ಗಿರಾಕಿಗಳೆಲ್ಲ ಹೊಲಿಗೆ ಕಾರ್ಖಾನೆಯ ಹೆಂಗಸರು, ಶಾಲೆಯ ಮಕ್ಕಳು. ಬೆಲೆ ದುಪ್ಪಟ್ಟಾದರೆ ಒಬ್ಬರೂ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಹಿಟ್ಟು ನಾದುವ ಇಬ್ಬರು ಹೆಂಗಸರನ್ನು ಬಿಡಿಸಬೇಕು, ಆಮೇಲೆ ಬಾಗಿಲು ಹಾಕಬೇಕು. ಇದನ್ನೆಲ್ಲ ಹೇಳಿ ನನ್ನನ್ನು ಸೋರುವ ಕೊಡವನ್ನು ನೋಡುವ ಹಾಗೆ ನೋಡಿದಳು.

"ಒಂದು ತಿನ್ನು, ಸುಮ್ನೆ ಕೂತ್ಕೋ. ಎರಡನೇದಕ್ಕೆ ಕೈ ಹಾಕಿದ್ರೆ ನನ್ನ ಅಂಗಡಿ ಮುಳುಗುತ್ತೆ, ತಿಳ್ಕೋ," ಎಂದಳು.

ಅಕ್ಕನ ಸರಕನ್ನು ತಮ್ಮ ಪರೀಕ್ಷಿಸುವುದು ಸರಿಯಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ನಿರ್ದೇಶಕರನ್ನು ಕೇಳಿ ನೋಡಿದೆ. ಅವರು ಸಂತೋಷದಿಂದ ಕೈ ಉಜ್ಜಿಕೊಂಡರು. ಅಕ್ಕನ ಕೈರುಚಿಯೆಂದರೆ ದೌರ್ಬಲ್ಯ ಇನ್ನೂ ಶುದ್ಧವಾಗಿ ಹೊರಬರುತ್ತದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ ಎಂದರು.

ಬಾಗಿಲು ಹಾಕಿಕೊಂಡಿತು. ಬಿಳಿ ತಟ್ಟೆಯ ತುಂಬ ಬಿಸ್ಕತ್ತು, ಎಲ್ಲದರ ಅಂಚೂ ಕಂದು. ಪಾಪ, ಗಡಿಬಿಡಿಯಲ್ಲಿ ಎಡಗಡೆಯ ಸಾಲನ್ನೇ ಕಳಿಸಿಬಿಟ್ಟಿದ್ದಾಳೆ ಎಂದುಕೊಂಡೆ. ಒಂದನ್ನು ತಿಂದೆ. ತಿಂದಾದ ಮೇಲೆ ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಹೊರಟಿತು. ಅದನ್ನು ಹಿಡಿದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಎಡಗೈ ಹೊರಟಿತು. ಅದರ ಮೇಲೂ ಕೂತೆ. ಎರಡೂ ಕೈಗಳ ಮೇಲೆ ಕೂತ ಸರ್ಕಾರಿ ನೌಕರನಿಗೆ ಇನ್ನು ಉಳಿಯುವುದು ಬಾಯಿ ಒಂದೇ, ಅದು ತಟ್ಟೆಯ ಕಡೆ ಬಗ್ಗತೊಡಗಿತು. ಹಲ್ಲು ಕಚ್ಚಿದೆ. ಹಲ್ಲು ಕೀಳಿಸಿಕೊಂಡ ದಿನವನ್ನು ನೆನೆದೆ, ನಿರ್ದೇಶಕರ ವಾರ್ಷಿಕ ಭಾಷಣವನ್ನು ನೆನೆದೆ, ಮಾವನವರು ಬನಿಯನ್ ಹಾಕಿಕೊಂಡು ಬೆನ್ನು ಕೆರೆದುಕೊಳ್ಳುವುದನ್ನು ನೆನೆದೆ. ಗೋಡೆಯ ತೇವದ ಗುರುತು ಕೂಡ ಬಿಸ್ಕತ್ತಿನಂತೆ ಕಾಣತೊಡಗಿತು. ಕಿಟಕಿಯಮ್ಮನ ಹೆಣಿಗೆ ನಿಂತುಹೋಗಿತ್ತು. ಕಡೆಗೂ ಗಂಟೆ ಹೊಡೆಯಿತು. ಕೈ ಹೊರತೆಗೆದರೆ ಕುರ್ಚಿಯ ಬೆತ್ತದ ಹೆಣಿಗೆಯೆಲ್ಲ ಅಂಗೈ ಮೇಲೆ ಅಚ್ಚೊತ್ತಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ನಾನು ಒಂದನ್ನು ಬೇಡವೆಂದು ಬಿಟ್ಟಿದ್ದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳೋಣ ಎಂದರೆ ಕೈ ಜೋಮು ಹಿಡಿದಿತ್ತು.

ಹಸಿರು ಹಲಗೆಯನ್ನು ನಾನೇ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಓಡಿದೆ. ಅಕ್ಕ ಅದನ್ನು ಓದಿದಳು. ಒಳ್ಳೆಯದಾಯಿತು ಎಂದಳು. ಚಹಾ ಕೊಟ್ಟಳು, ತಟ್ಟೆಗೆ ಒಂದು ಬಿಸ್ಕತ್ತು ಹಾಕಿದಳು. ನೀಲಿ ಮುಚ್ಚಳವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟಳು. ನಾನು ಕಾದೆ. ಅವಳು ಕಟ್ಟೆ ಒರೆಸುತ್ತಿದ್ದಳು, ಆಗಲೇ ಒರೆಸಿದ್ದನ್ನೇ. ಕೆಲಸದ ಒತ್ತಡವಿರಬೇಕು ಎಂದುಕೊಂಡು ಬಂದೆ. ಮಾರನೆಯ ಸಂಜೆಯೂ ಒಂದೇ. ಅದರ ಮರುದಿನವೂ ಒಂದೇ. ಕೇಳಿ ಪಡೆಯಬಹುದಿತ್ತು, ಆದರೆ ಹುಟ್ಟಿದಾಗಿನಿಂದ ಕೇಳದೆ ಸಿಕ್ಕಿದ್ದನ್ನು ಕೇಳಲು ನನಗೆ ನಾಲಿಗೆ ಹೊರಳಲಿಲ್ಲ.

ವ್ಯಾಪಾರಕ್ಕೇನೂ ಧಕ್ಕೆಯಾಗಲಿಲ್ಲ. ನೋಡಿದರೆ ಹೆಚ್ಚೇ ಆಯಿತು. ದೊಡ್ಡ ಆಸ್ಪತ್ರೆಯ ಅಡುಗೆಯ ಮೇಲ್ವಿಚಾರಕ ಹಸಿರು ಹಲಗೆ ನೋಡಿಕೊಂಡು ಬಂದು, ಪಥ್ಯದ ರೋಗಿಗಳಿಗೆಂದು ದಿನವೂ ಬುಟ್ಟಿಗಟ್ಟಲೆ ಬಿಸ್ಕತ್ತು ಬೇಕೆಂದ. ಅಲ್ಲಿಗೆ ಸುಮ್ಮನಿರಬಾರದೇ? ಇಂಥದ್ದನ್ನೇ ಹುಡುಕುತ್ತಿದ್ದೆವು, ಒಂದು ತಿಂದವರು ಮತ್ತೆ ಕೇಳುವುದಿಲ್ಲವಂತಲ್ಲ ಎಂದು ಅಂಗಡಿ ತುಂಬ ಗಿರಾಕಿಗಳಿದ್ದಾಗ ಹೊಗಳಿದ. ನಾದುವ ಹೆಂಗಸರಿಬ್ಬರೂ ಹಿಟ್ಟಿನ ಮೇಲೆ ತಲೆ ಬಗ್ಗಿಸಿದರು. ಅಕ್ಕ ಬುಟ್ಟಿ ಕಟ್ಟಿ ಕೊಟ್ಟಳು, ಮುಖ ಮಾತ್ರ ಸುಟ್ಟ ಬದನೆಕಾಯಿ ಆಗಿತ್ತು.

ಎದುರಿಗೆ ಬನ್ನಿನವನ ಕಥೆಯೇ ಬೇರೆ. ಕೆಂಪು ಹಲಗೆ ಬಿದ್ದ ಮೊದಮೊದಲು ನೊಣ ಹೊಡೆಯುತ್ತಿದ್ದವನ ಅಂಗಡಿ ಮುಂದೆ ಈಗ ಸಾಲು. ಸರ್ಕಾರದ ಕೈಯೇ ತಡೆಯಲಾಗದೆ ಎರಡನೇದಕ್ಕೆ ಹೋಯಿತು ಎಂದರೆ ಆ ಬನ್ನಿನಲ್ಲಿ ಏನೋ ಇರಬೇಕು ಎಂದು ಜನ ಬಾಯಿ ನೀರೂರಿಸಿಕೊಂಡು ಬಂದರು. ದುಪ್ಪಟ್ಟು ಬೆಲೆ ಕೊಡಲು ಒಬ್ಬರೂ ಮುಖ ಗಂಟಿಕ್ಕಲಿಲ್ಲ. ಹೊಲಿಗೆ ಕಾರ್ಖಾನೆಯ ಹೆಂಗಸರು ಇಬ್ಬಿಬ್ಬರು ಸೇರಿ ಒಂದು ಬನ್ನು ಹಂಚಿಕೊಂಡರು. ಅಕ್ಕನ ಅಂಗಡಿಗೆ ಬರುವವರು ವೈದ್ಯರು ಬಯ್ದು ಕಳಿಸಿದವರು ಮಾತ್ರ. ತಗ್ಗಿದ ತಲೆಯಲ್ಲಿ ಬಂದು, ನಿಮ್ಮದು ಏನೂ ಮಾಡುವುದಿಲ್ಲವಂತೆ ಹೌದೇ ಎಂದು ಕೇಳಿ ಕೊಂಡು ಹೋಗುತ್ತಿದ್ದರು.

ಅಕ್ಕನ ಮುಖ ನೋಡಲು ನಿಮಗೆ ಕಣ್ಣೇ ಇಲ್ಲವೇ ಎಂದು ಹೆಂಡತಿ ಒಂದು ದಿನ ನನ್ನ ಮೇಲೆ ಹರಿಹಾಯ್ದಳು. ಅಕ್ಕ ಹೇಳಿದ್ದನ್ನೇ ತಾನೇ ನಾನು ಮಾಡಿದ್ದು ಎಂದರೆ, ಹೇಳಿದ್ದನ್ನೆಲ್ಲ ಯಾವತ್ತಿನಿಂದ ಮಾಡಲು ಶುರು ಮಾಡಿದಿರಿ ಎಂದು ಕೇಳಿದಳು. ನಾನು ನೇರವಾಗಿ ಅಂಗಡಿಗೆ ಹೋಗಿ, ನನ್ನಿಂದ ಏನು ತಪ್ಪಾಯಿತು ಎಂದು ಅಕ್ಕನನ್ನೇ ಕೇಳಿಬಿಟ್ಟೆ. ಅವಳು ಒಲೆಯ ಬಾಗಿಲು ಮುಚ್ಚಿ ಕೈ ಒರೆಸಿಕೊಂಡಳು.

"ತಿನ್ಬೇಡ ಅಂತ ನಾನೇ ಹೇಳಿದ್ದು, ನಿಜ. ನೀನು ತಿನ್ನದೇ ಇರ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

ಅವಳೇ ಮುಂದುವರಿಸಿದಳು.

"ಸಿಗರೇಟು ಬಿಡು ಅಂತ ಅಮ್ಮ ಸಾಯೋವರೆಗೂ ಹೇಳಿದ್ಲು. ಬಿಟ್ಯಾ? ನಿನ್ನ ಹೆಂಡ್ತಿ ದಿನಾ ಹೇಳ್ತಾಳೆ. ಬಿಟ್ಯಾ? ಹುಟ್ಟಿದಾಗಿಂದ ನೀನು ಬಿಟ್ಟಿದ್ದು ಅಂದ್ರೆ ನನ್ನ ಬಿಸ್ಕತ್ತು ಒಂದೇ. ಅದೂ ಎಡಗಡೆ ಸಾಲಿಂದು. ಆರಿಸಿ ಆರಿಸಿ ಕಳಿಸಿದ್ದೆ."

ಹಾಗಾದರೆ ಆ ಅಂಚುಗಳು ಗಡಿಬಿಡಿಯಲ್ಲಿ ಬಂದದ್ದಲ್ಲ. ಅಂಗಡಿ ಉಳಿಯಬೇಕು ಎಂದು ಬಾಯಲ್ಲಿ ಹೇಳಿ, ಮುಳುಗಿದರೂ ಚಿಂತೆಯಿಲ್ಲ ಎಂದು ತಟ್ಟೆಯಲ್ಲಿ ಕಳಿಸಿದ್ದಳು. ನನಗೆ ಅಳುವೇ ಬಂತು. ಮನುಷ್ಯನಿಗೆ ಮನಸ್ಸು ಗಟ್ಟಿಯಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾರ ಎದುರಿಗೆ ಗಟ್ಟಿಯಾಗಬಾರದು ಎಂದು ಯಾರೂ ಹೇಳಿಕೊಡುವುದಿಲ್ಲ.

ಅಕ್ಕ ಸುಮ್ಮನೆ ಕೊರಗುವ ಪೈಕಿ ಅಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಲಾಖೆಗೆ ಹೋಗಿ ಮೇಲ್ಮನವಿ ಹಾಕಿದಳು. ತನ್ನ ಬಿಸ್ಕತ್ತು ಹಾನಿಕರ, ಅದನ್ನು ನಿರಪಾಯ ಎಂದು ಕರೆದು ಅವಮಾನ ಮಾಡಲಾಗಿದೆ, ಮರುಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಬಂದ ಮನವಿಗಳೆಲ್ಲ ಕೆಂಪನ್ನು ಹಸಿರು ಮಾಡಿ ಎಂದು ಬೇಡಿಕೊಂಡವು. ಗುಮಾಸ್ತ ಇದನ್ನು ತಲೆಕೆಳಗು ಮಾಡಿಯೂ ಓದಿ ನೋಡಿದ. ನಿರ್ದೇಶಕರು ಮಾತ್ರ ಬೆವರಿದರು. ಬಿಸ್ಕತ್ತು ನಿಜಕ್ಕೂ ಹಾನಿಕರವಾಗಿದ್ದರೆ ನಾನು ದುರ್ಬಲನಲ್ಲ. ನಾನು ದುರ್ಬಲನಲ್ಲದಿದ್ದರೆ ಊರಿನ ಹಸಿರು ಹಲಗೆಗಳೆಲ್ಲ ಸುಳ್ಳು. ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

"ನಿಜ ಹೇಳಿ. ಗಟ್ಟಿಯಾಗಿಬಿಟ್ಟಿದ್ದೀರಾ?"

ಇಲ್ಲ ಸಾರ್, ಮನೆಯವರನ್ನು ಬೇಕಾದರೆ ಕೇಳಿ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮರುಪರೀಕ್ಷೆಯ ದಿನ ತಟ್ಟೆಯ ಪಕ್ಕದಲ್ಲಿ ಸಿಗರೇಟಿನ ಪ್ಯಾಕೆಟ್ಟನ್ನೂ ಇಡುವುದೆಂದು ತೀರ್ಮಾನಿಸಿದರು. ಸಿಗರೇಟು ಮುಟ್ಟಿದರೆ ನನ್ನ ದೌರ್ಬಲ್ಯ ಇನ್ನೂ ಇದೆ, ಕೆಲಸವೂ ಇರುತ್ತದೆ. ಮುಟ್ಟದಿದ್ದರೆ ಆ ಉಸಿರಾಟದ ಶಿಬಿರದವನ ಗತಿಯೇ ನನಗೂ.

ಅಂದು ನಮ್ಮ ಅಡುಗೆಮನೆಯಲ್ಲಿ ಮೂವರೂ ಕೂತು ಯೋಜನೆ ಹಾಕಿದೆವು. ಲೆಕ್ಕಾಚಾರದಲ್ಲಿ ನನ್ನ ಹೆಂಡತಿ ಎತ್ತಿದ ಕೈ. ಮೊದಲು ಒಂದು ಸಿಗರೇಟು ಸೇದುವುದು. ಆಮೇಲೆ ಒಂದು ಬಿಸ್ಕತ್ತು. ಆಮೇಲೆ ಎರಡನೇದು. ಅಲ್ಲಿಗೆ ಎರಡೂ ಕೈ ಪ್ಯಾಂಟಿನ ಜೇಬಿಗೆ. ಅಕ್ಕನಿಗೆ ಕೆಂಪು ಹಲಗೆ, ಅಂಗಡಿ ಮುಂದೆ ಸಾಲು, ನನಗೆ ಸಂಬಳ. ಇದರಲ್ಲಿ ಯಾರಿಗೂ ನಷ್ಟವಿಲ್ಲ. ಅಕ್ಕ ಒಪ್ಪಿದಳು, ಆದರೆ ಒಂದು ಮಾತು ಹೇಳಿದಳು. ಎರಡನೇದಕ್ಕೆ ಕೈ ಹೋಗುವುದು ನಾಟಕವಾಗಬಾರದು, ನಾಟಕವಾದರೆ ತನಗೆ ಗೊತ್ತಾಗುತ್ತದೆ.

ಮನವಿ ಹಾಕಿದವರಿಗೆ ನೋಡುವ ಹಕ್ಕಿತ್ತು. ಕಿಟಕಿಯಾಚೆ ಅಂದು ಮೂರು ಮುಖಗಳು, ಕಿಟಕಿಯಮ್ಮ, ನಿರ್ದೇಶಕರು, ನಡುವೆ ಅಕ್ಕ. ಮೇಜಿನ ಮೇಲೆ ಒಂದು ಕಡೆ ಪ್ಯಾಕೆಟ್ಟು, ಒಂದು ಕಡೆ ಕಂದು ಅಂಚಿನ ಬಿಸ್ಕತ್ತುಗಳು. ಮೊದಲು ಸಿಗರೇಟು ಎಂದು ಹೆಂಡತಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದಳು. ಒಂದು ತಿಂದು ಸೇದಿದರಾಯಿತು ಎಂದುಕೊಂಡು ಒಂದನ್ನು ತಿಂದೆ. ನನ್ನ ಕೈ ಎರಡನೇದಕ್ಕೆ ಹೋದಾಗ ಅಕ್ಕ ಗಾಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅದು ನಾಟಕವಲ್ಲ ಎಂದು ಅವಳಿಗೆ ತಿಳಿಯಿತು. ನನಗೂ ಆಗಲೇ ತಿಳಿಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಎಲ್ಲ ನೆನಪಿತ್ತು, ಜೇಬು ಎಲ್ಲಿದೆ ಎಂಬುದೂ ನೆನಪಿತ್ತು. ಆದರೆ ಅಷ್ಟು ದಿನ ಎರಡನೇ ಬಿಸ್ಕತ್ತು ಕಾಣದ ಬಾಯಿ ಅದು. ಅಂಚು ಕಟುಂ ಎಂದಿತು, ನಡುವೆ ಕರಗಿತು, ಕೈ ಮೂರನೇದನ್ನು ಎತ್ತಿತು. ನಿಷೇಧ. ನಿರ್ದೇಶಕರು ಎದ್ದು ನಿಂತದ್ದು ಕಾಣಿಸಿತು. ಅಕ್ಕ ಎರಡೂ ಅಂಗೈಗಳಿಂದ ಗಾಜನ್ನು ಬಡಿಯುತ್ತ, ಸಾಕು, ನಿಲ್ಲಿಸು ಎಂದು ಕೈ ಆಡಿಸುತ್ತಿದ್ದಳು. ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳ ಕಡೆ ನೋಡುತ್ತಲೇ ಇನ್ನೊಂದನ್ನು ತಿಂದೆ, ಮತ್ತೊಂದನ್ನೂ ತಿಂದೆ. ಆಮೇಲೆ ಅವಳು ಬಡಿಯುವುದನ್ನು ಬಿಟ್ಟು ಹಣೆಯನ್ನು ಗಾಜಿಗೆ ಒರಗಿಸಿ ನಿಂತಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ತಟ್ಟೆಯ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದೆ. ಪ್ಯಾಕೆಟ್ಟಿನ ಕಾಗದವೂ ಹರಿದಿರಲಿಲ್ಲ.

ತೀರ್ಪಿಗೆ ಹೊತ್ತಾಗಲಿಲ್ಲ. ಖಚಿತ ದುರ್ಬಲನೊಬ್ಬ ತಂಬಾಕನ್ನು ಪಕ್ಕಕ್ಕೆ ತಳ್ಳಿ ಇದನ್ನು ತಿಂದನೆಂದರೆ ಇದು ತಂಬಾಕಿಗಿಂತ ಹಾನಿಕರ ಎಂದು ನಿರ್ದೇಶಕರು ಬರೆದರು. ಸಚಿವರಿಗೆ ಹಿಡಿಸಲಾರದಷ್ಟು ಹಿಗ್ಗು. ಇಂಥ ಘೋರ ವಸ್ತುವನ್ನೇ ನಿಷೇಧಿಸಿದ ಮೇಲೆ ತಂಬಾಕಿನ ಬಗ್ಗೆ ಅವಸರವೇನಿದೆ ಎಂದು ಆ ಪರಿಶೀಲನೆಯನ್ನು ಮುಂದೂಡಿದರು. ಸಿಗರೇಟು ಮುಟ್ಟದ ನನ್ನ ಕೊರಳಿಂದ ಚೀಟಿಯನ್ನು ನಿರ್ದೇಶಕರು ತಾವೇ ತೆಗೆದರು. ಒಂದೇ ಬಿಸ್ಕತ್ತಿನ ಎದುರು ಮಾತ್ರ ದುರ್ಬಲನಾದವನಿಂದ ಇಲಾಖೆಗೆ ಏನು ಪ್ರಯೋಜನ, ನಿಮಗೆ ಒಳ್ಳೆಯ ಭವಿಷ್ಯವಿತ್ತು ಎಂದು ನಿಜವಾಗಿಯೂ ನೊಂದುಕೊಂಡರು. ಬಾಗಿಲ ಬಳಿ ಕಿಟಕಿಯಮ್ಮ ಮೊದಲ ಬಾರಿಗೆ ನನ್ನೊಡನೆ ಮಾತಾಡಿದರು. ಆ ಅಂಗಡಿ ಎಲ್ಲಿದೆ ಎಂದು ಕೇಳಿದರು.

ಅಂಗಡಿಗೆ ಬೀಗ ಜಡಿದು, ಬೀಗದ ಮೇಲೆ ಅರಗು ಹಾಕಿ ಮೊಹರು ಒತ್ತಿದರು. ಆಸ್ಪತ್ರೆಯ ಮೇಲ್ವಿಚಾರಕ ಓಡಿಬಂದು ಗೋಳಾಡಿದ. ಅಲ್ಲಿ ರೋಗಿಗಳು ಮೊದಲ ದಿನದಿಂದಲೂ ಪಕ್ಕದ ಹಾಸಿಗೆಯವರ ಬಿಸ್ಕತ್ತು ಕದಿಯುತ್ತಿದ್ದರಂತೆ, ಹಸಿರು ಹಲಗೆ ಕೆಟ್ಟುಹೋದೀತೆಂದು ಇವನು ಬಾಯಿ ಬಿಟ್ಟಿರಲಿಲ್ಲ. ಆ ಮಾತು ಕೇಳಿ ಅಕ್ಕನ ಮುಖ ಒಂದು ಕ್ಷಣ ಬೆಳಗಿತು, ಆಮೇಲೆ ಮತ್ತೆ ಬೀಗ ನೋಡಿದಳು. ನಾದುವ ಹೆಂಗಸರು ಎದುರಿನ ಬನ್ನಿನವನ ಬಳಿ ಸೇರಿಕೊಂಡರು. ಒಳಗೆ ಒಲೆ ತಣ್ಣಗಾಗುತ್ತಿತ್ತು. ಅಕ್ಕ ಒಳಗಿಂದ ತಂದಿದ್ದ ನೀಲಿ ಮುಚ್ಚಳದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತಳು. ಅವಳ ಆಯುಷ್ಯವೆಲ್ಲ ಆ ಬಾಗಿಲ ಹಿಂದೆ ಇತ್ತು, ಅದನ್ನು ತಿಂದು ಮುಗಿಸಿದವನು ನಾನು. ಕಾಲು ಹಿಡಿದು ಕ್ಷಮಿಸು ಎಂದೆ. ಅವಳು ಮೂಗು ಒರೆಸಿಕೊಂಡು, ಏಳು, ಬಿಸಿಲಿದೆ ಎಂದಳು.

ಈಗ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಹೆಂಡತಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತಾಳೆ, ನಾನು ಒಂದು ಗೋದಾಮಿನಲ್ಲಿ ಚೀಲ ಎಣಿಸುತ್ತೇನೆ. ಸಿಗರೇಟು ಇನ್ನೂ ಬಿಟ್ಟಿಲ್ಲ, ಸೋಮವಾರ ಬಿಡುತ್ತೇನೆ. ನಿಷೇಧಿತ ವಸ್ತುವನ್ನು ಮನೆಯಲ್ಲಿ ಮಾಡಿ ತಿನ್ನುವುದು ಅಪರಾಧವೇ ಎಂದು ಇಲಾಖೆಯಲ್ಲಿ ವಿಚಾರಿಸಿದರೆ, ಅದಕ್ಕೂ ಒಂದು ಸಮಿತಿ ಕೂತಿದೆ ಎಂದರು. ಅಕ್ಕ ಸಮಿತಿಗೆ ಕಾಯಲಿಲ್ಲ. ದಪ್ಪ ತಳದ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟು, ಬಿಸ್ಕತ್ತಿನ ಎಡಗಡೆ ಕಂದಾಗಲೆಂದು ಒಲೆಯ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟಿನ ಚೂರು ಇಟ್ಟಳು. ಆ ರಟ್ಟು ಹಳೆಯ ಹಸಿರು ಹಲಗೆಯದ್ದು.

ನಿನ್ನೆ ಸಂಜೆ ಗೋದಾಮಿನಿಂದ ಬಂದು ಕೂತೆ. ಚಹಾ ಬಂತು, ತಟ್ಟೆಗೆ ಒಂದು ಬಿಸ್ಕತ್ತು ಬಿತ್ತು. ಅಕ್ಕ ಡಬ್ಬಿಯ ನೀಲಿ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಇನ್ನೊಂದು?" ಎಂದಳು.

ಸಾಕು ಎಂದೆ. ಅಷ್ಟರಲ್ಲಿ ಹಾಕಿಯಾಗಿತ್ತು.